ಆಡಿದ ಮಾತು, ಒಪ್ಪಿಸಿದ ಮಾತು

ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ. ವಿಮರ್ಶೆಗೆ ಎತ್ತಿಕೊಳ್ಳುವುದಂತೂ ದೂರದ ಮಾತು. ಆದರೂ ನಮ್ಮ ನಾಡಿನಲ್ಲಿ ಎಷ್ಟೋ ಒಳ್ಳೆಯ ಕಾದಂಬರಿಗಳಿಗೆ ದೊರೆಯದ ವಾಚಕವೃಂದ ಅಂಥ ಪುಸ್ತಕಗಳಿಗೆ ದೊರೆತಿದೆ. ಅಂದಿನ ಬೊಂಬಾಯಿ ಪ್ರಾಂತದ ವಿದ್ಯಾಭ್ಯಾಸದ ಇಲಾಖೆಯಲ್ಲಿ ಕೆಲಸಮಾಡಿದ ಪಿ. ಸಿ. ರೆನ್ ಎಂಬವರು ಮಾರ್ಟಿನ್ ಎಂಬವರೊಡನೆ ಸೇರಿ ರಚಿಸಿದ ವ್ಯಾಕರಣವು 1930ರ ದಶಕದಿಂದ ಈವರೆಗೂ ಅಚ್ಚಾಗುತ್ತಲೇ ಬಂದಿದೆ. ಇದೇ ರೆನ್ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯನ್ನು ಬರೆದು ಹೆಸರು ಪಡೆದವರು. ನಮ್ಮಲ್ಲಿ ಆ ಕಾದಂಬರಿಯನ್ನು ಓದಿದವರು ವಿರಳ. ವ್ಯಾಕರಣಕ್ಕೆ ಹೆದರಿದವರು ಮನೆಮನೆಯಲ್ಲಿಯೂ ಇದ್ದಾರೆ.

ಆ ವ್ಯಾಕರಣದಲ್ಲಿಯೂ, ಅದರ ದಾರಿ ಹಿಡಿದ ನೂರಾರು ಶಾಲಾ ಪುಸ್ತಕಗಳಲ್ಲಿಯೂ ಒಂದು ಅಧ್ಯಾಯವಿದೆ. ಒಬ್ಬನು ಆಡಿದ ಮಾತನ್ನು ಇನ್ನೊಬ್ಬನು ಒಪ್ಪಿಸುವ ಬಗೆ ಹೇಗೆಂಬುದು ಅದರ ವಿಷಯ. ಮೇಷ್ಟರುಗಳು ಮೊದಲನೆಯದನ್ನು ಡೈರೆಕ್ಟ್ ಸ್ಪೀಚ್ ಎಂದೂ ಎರಡನೆಯದನ್ನು ರಿಪೋರ್ಟೆಡ್ ಸ್ಪೀಚ್ ಎಂದೂ ಕರೆಯುತ್ತಾರೆ. ನಾನು ಇಲ್ಲಿ ಅವುಗಳನ್ನು ಆಡಿದ ಮಾತು, ಒಪ್ಪಿಸಿದ ಮಾತು ಎಂದು ಕರೆಯುತ್ತೇನೆ. ಪರೀಕ್ಷೆಯಲ್ಲಿ ಇದಕ್ಕೆ ಒಂದೆರಡು ಅಂಕ ಮಾತ್ರ. ಆದರೆ ಈ ಒಂದೆರಡು ಅಂಕದ ಹಿಂದೆ ಎರಡು ಭಾಷೆಗಳ ಸ್ವಭಾವವೇ ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಅಧ್ಯಾಯದ ವಿಧಿಗಳು ವಾಚಕರಿಗೆ ಮರೆತಿರಲಾರವು. ಒಪ್ಪಿಸುವ ಕ್ರಿಯಾಪದ ಭೂತಕಾಲದಲ್ಲಿದ್ದರೆ ಒಳಗಿನ ಕ್ರಿಯಾಪದವೂ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ‘ನಾನು’ ಎಂಬುದು ‘ಅವನು’ ಆಗಬೇಕು, ‘ಇಲ್ಲಿ’ ‘ಅಲ್ಲಿ’ಯಾಗಬೇಕು, ‘ಈಗ’ ‘ಆಗ’ವಾಗಬೇಕು, ‘ನಾಳೆ’ ‘ಮಾರನೆಯ ದಿನ’ವಾಗಬೇಕು. ಆಡಿದವನು ಅಯ್ಯೋ ಎಂದು ಅತ್ತಿದ್ದರೆ ‘ದುಃಖದಿಂದ ಉದ್ಗರಿಸಿದನು’ ಎಂದು ಬರೆಯಬೇಕು. ಭಲೇ ಎಂದು ಕುಣಿದಿದ್ದರೆ ‘ಸಂತೋಷದಿಂದ ಉದ್ಗರಿಸಿದನು’ ಎಂದು. ‘ಸ್ವಾಮಿ’ ಎಂದು ಕೈಮುಗಿದಿದ್ದರೆ ಸ್ವಾಮಿ ಮಾಯವಾಗಿ ‘ಗೌರವಪೂರ್ವಕವಾಗಿ’ ಎಂಬ ಕ್ರಿಯಾವಿಶೇಷಣವೊಂದು ಉಳಿಯುತ್ತದೆ. ಕಣ್ಣೀರು, ಕೇಕೆ, ನಮಸ್ಕಾರ ಎಲ್ಲವೂ ಇಸ್ತ್ರಿಯ ಕೆಳಗೆ ಮಲಗಿ ಚಪ್ಪಟೆಯಾಗಿ ಏಳುತ್ತವೆ.

ಹಾಸ್ಯಕ್ಕೆ ಎಡೆಯಿದ್ದರೂ ಈ ವಿಧಿಗಳಲ್ಲಿ ಒಂದು ನ್ಯಾಯವಿದೆ. ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಮಾತನ್ನು ಒಪ್ಪಿಸುವವನು ತಾನು ನಿಂತ ಜಾಗದಿಂದ ಕದಲುವುದಿಲ್ಲ. ನಿನ್ನೆ ಹೊಸಕೋಟೆಯಲ್ಲಿ ಆಡಿದ ಮಾತನ್ನು ಇಂದು ಬೆಂಗಳೂರಿನಲ್ಲಿ ಹೇಳುವಾಗ ಆ ‘ಇಲ್ಲಿ’ ನನಗೆ ‘ಅಲ್ಲಿ’. ಆ ‘ನಾಳೆ’ ನನಗೆ ‘ಇಂದು’. ಮಾತನ್ನು ಆಡಿದವನಿಂದ ಬಿಡಿಸಿ ತನ್ನ ಕಾಲಕ್ಕೂ ತನ್ನ ಸ್ಥಳಕ್ಕೂ ಹೊಂದಿಸಿಕೊಳ್ಳುವುದು ಆ ಭಾಷೆಯ ಮರ್ಯಾದೆ. ಚರಿತ್ರೆ, ನಡವಳಿಯ ಪುಸ್ತಕ, ಶಾಸನಸಭೆಯ ವರದಿಗಳಿಗೆ ಇದು ಒಪ್ಪುವ ಕ್ರಮವೆಂಬುದರಲ್ಲಿ ಸಂದೇಹವಿಲ್ಲ.

ಕನ್ನಡದ ಮರ್ಯಾದೆ ಬೇರೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಿವೆ, ಆಡಿದ ಮಾತನ್ನು ಒಪ್ಪಿಸಿದ ಮಾತಾಗಿ ಮಾರ್ಪಡಿಸುವ ಪ್ರಕರಣವೊಂದಿಲ್ಲ. ಕೇಶಿರಾಜನು ಮರೆತನೆಂದು ಭಾವಿಸಬೇಕಾಗಿಲ್ಲ. ಅಂಥ ಪ್ರಕರಣದ ಅಗತ್ಯವೇ ನಮ್ಮ ಭಾಷೆಗೆ ಬಿದ್ದಿರಲಿಲ್ಲ. ‘ಎನ್’ ಎಂಬ ಒಂದು ಪುಟ್ಟ ಧಾತು ಆ ಕೆಲಸವನ್ನೆಲ್ಲ ಹೊತ್ತುಕೊಂಡಿತ್ತು. ‘ಬರುತ್ತೇನೆ’ ಎಂದವನ ಮಾತನ್ನು ನಾವು ಮುಟ್ಟುವುದಿಲ್ಲ. ಅದರ ಬೆನ್ನಿಗೆ ‘ಎಂದು’ ಎಂಬ ಮುದ್ರೆಯೊತ್ತಿ ಮುಂದಕ್ಕೆ ದಾಟಿಸುತ್ತೇವೆ. ಹಳೆಯ ಓಲೆಗರಿಗಳಲ್ಲಿ ಉದ್ಧರಣದ ಕೊಕ್ಕೆಗಳಿರಲಿಲ್ಲ. ಅವು ಮುದ್ರಣದೊಡನೆ ಬಂದವು. ‘ಎಂದು’, ‘ಎನೆ’, ‘ಎಂಬುದುಂ’ ಎಂಬ ಮಾತುಗಳೇ ಕೊಕ್ಕೆಯ ಕೆಲಸ ಮಾಡುತ್ತಿದ್ದುವು.

ಈ ಧಾತುವಿನ ವ್ಯಾಪ್ತಿಯನ್ನು ನೋಡಿದರೆ ಬೆರಗಾಗುತ್ತದೆ. ಬಾಯಿಬಿಟ್ಟು ಆಡಿದ್ದು ಮಾತ್ರವಲ್ಲ, ಮನಸ್ಸಿನಲ್ಲಿ ಅಂದುಕೊಂಡದ್ದೂ ಇದರ ಪಾಲಿಗೆ ಸೇರಿದೆ. ‘ಮಳೆ ಬರಬಹುದು ಅಂತ ಕೊಡೆ ತಂದೆ’ ಎಂದಾಗ ಕಾರಣವೇ ಒಂದು ಮಾತಿನಂತೆ ನಿಲ್ಲುತ್ತದೆ. ‘ದೇವನಹಳ್ಳಿ ಎಂಬ ಊರು’ ಎಂದಾಗ ಊರಿನ ಹೆಸರು ಯಾರೋ ಕರೆದ ಕರೆಯಾಗುತ್ತದೆ. ತೆಂಗಿನಕಾಯಿ ‘ಧೊಪ್ಪೆಂದು’ ಬೀಳುತ್ತದೆ. ಹಸು ‘ಅಂಬಾ ಎನ್ನುತ್ತದೆ’. ಕನ್ನಡಿಗನ ಲೋಕದಲ್ಲಿ ಎಲ್ಲವೂ ಏನಾದರೊಂದು ಅನ್ನುತ್ತಲೇ ಇರುತ್ತದೆ. ಕೇಳಿದವನು ಅದನ್ನು ಅಂದ ಹಾಗೆಯೇ ತಂದೊಪ್ಪಿಸುತ್ತಾನೆ.

ಇದು ಕನ್ನಡದ ಒಂದರದೇ ಸೊತ್ತೆಂದು ಬೀಗಬೇಕಾಗಿಲ್ಲ. ಬೆಂಗಳೂರಿನಿಂದ ಉತ್ತರಕ್ಕೋ ಪೂರ್ವಕ್ಕೋ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಪೇಟೆಗಳಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟರೆ ಸಾಕು. ಕನ್ನಡದವನು ‘ನಾಳೆ ಬತ್ತೀನಿ ಅಂತ ಅಂದವ್ನೆ’ ಎನ್ನುತ್ತಾನೆ. ಮನೆಯಲ್ಲಿ ತೆಲುಗು ಆಡುವವನು ‘ರೇಪು ವಸ್ತಾನನಿ ಚೆಪ್ಪಾಡು’ ಎನ್ನುತ್ತಾನೆ. ದಖ್ಖನಿ ಉರ್ದುವಿನವನು ‘ಕಲ್ ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾನೆ. ಮೂರನೆಯದು ವಿಶೇಷವಾಗಿ ಗಮನಿಸತಕ್ಕದ್ದು. ಉತ್ತರದ ಉರ್ದುವಿನಲ್ಲಿ ‘ಕಿ’ ಎಂಬ ಪದ ಮುಂದೆ ಬಂದು, ಆಡಿದ ಮಾತು ಅದರ ಹಿಂದೆ ಬರುತ್ತದೆ. ದಕ್ಷಿಣಕ್ಕೆ ಬಂದ ಆ ಭಾಷೆ ನೆರೆಹೊರೆಯವರ ‘ಎಂದು’ವನ್ನು ಕೇಳಿ ಕೇಳಿ, ತನ್ನದೇ ಧಾತುವಿನಿಂದ ‘ಬೋಲ್ಕೆ’ ಎಂಬ ಬಾಲವನ್ನು ಮಾಡಿಕೊಂಡಿತು. ಒಂದೇ ಸಂತೆಯಲ್ಲಿ ಕೊಡುಕೊಳ್ಳುವ ಜನ ಮಾತನ್ನು ಒಪ್ಪಿಸುವ ಬಗೆಯನ್ನೂ ಹಂಚಿಕೊಂಡರು.

ಆಡಿದ ಮಾತನ್ನು ಹಾಗೆಯೇ ಒಪ್ಪಿಸಿದರೆ ಗೊಂದಲವಾಗುವುದಿಲ್ಲವೇ ಎಂದು ಇಂಗ್ಲಿಷ್ ಬಲ್ಲವರು ಕೇಳಬಹುದು. ‘ಅವನು ನಾನು ಬರುತ್ತೇನೆ ಅಂದ’ ಎಂದರೆ ಬರುವವನು ಯಾರು, ಅವನೋ ನಾನೋ? ಈ ಪ್ರಶ್ನೆಗೆ ಕನ್ನಡ ಬಹು ಹಿಂದೆಯೇ ಉತ್ತರ ಕಂಡುಕೊಂಡಿದೆ. ‘ತಾನು ಬರುತ್ತೇನೆ ಎಂದ’ ಎನ್ನುತ್ತದೆ. ಸರ್ವನಾಮ ಒಪ್ಪಿಸುವವನ ಕಡೆಗೆ ವಾಲಿದೆ. ಕ್ರಿಯಾಪದ ಆಡಿದವನ ಬಾಯಲ್ಲೇ ಉಳಿದಿದೆ. ಅರ್ಧ ಆಡಿದ ಮಾತು, ಅರ್ಧ ಒಪ್ಪಿಸಿದ ಮಾತು! ರೆನ್ ಮಹಾಶಯರ ಶಿಷ್ಯನ ಕಣ್ಣಿಗೆ ಇದು ಶುದ್ಧ ಅಪರಾಧ. ಆದರೆ ಇದರ ಬೆಲೆಯನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟು ನೋಡಬೇಕು. ರಾಮಣ್ಣನು ಕೃಷ್ಣಪ್ಪನಿಗೆ ‘ಹೀ ಹ್ಯಾಡ್ ಲಾಸ್ಟ್ ಹಿಸ್ ಬುಲಕ್’ ಎಂದು ತಿಳಿಸಿದನೆಂದು ಇಂಗ್ಲಿಷಿನಲ್ಲಿ ಬರೆದರೆ, ಎತ್ತು ಕಳೆದದ್ದು ರಾಮಣ್ಣನದೋ, ಕೃಷ್ಣಪ್ಪನದೋ, ಊರಿನ ಮೂರನೆಯವನದೋ ಹೇಳಲು ಬಾರದು. ಕನ್ನಡದಲ್ಲಿ ‘ತನ್ನ ಎತ್ತು’ ಎಂದರೆ ರಾಮಣ್ಣನದು. ಎತ್ತು ಯಾರ ಕೊಟ್ಟಿಗೆಯದೆಂಬುದರಲ್ಲಿ ವ್ಯಾಜ್ಯವಿಲ್ಲ.

ಕಾಲದ ವಿಚಾರದಲ್ಲಿ ಇಂಗ್ಲಿಷಿನದು ಹೆಚ್ಚು ಕಟ್ಟುನಿಟ್ಟೆಂಬುದು ನಿಜ. ‘ನಾಳೆ ಬರುತ್ತೇನೆ ಎಂದ’ ಎಂದಾಗ ಅದು ಯಾವ ದಿನದ ನಾಳೆ ಎಂಬುದನ್ನು ನಾವು ಸಂದರ್ಭದಿಂದ ಊಹಿಸಬೇಕು. ಆದರೆ ನಾಳೆಯನ್ನು ನಾಳೆಯಾಗಿಯೇ ಬಿಡುವುದರಲ್ಲೂ ಒಂದು ಶಕ್ತಿಯಿದೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತಲ ಊರುಗಳಲ್ಲಿ ರಾತ್ರಿ ಹೊತ್ತು ದೆವ್ವವೊಂದು ಬಂದು ಬಾಗಿಲು ಬಡಿಯುತ್ತದೆಂಬ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಅನೇಕರಿಗೆ ನೆನಪಿರಬಹುದು. ದೆವ್ವ ಓದುತ್ತದೆ, ಹಿಂದಿರುಗುತ್ತದೆ, ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ. ಆ ದೆವ್ವಕ್ಕೆ ಇಂಗ್ಲಿಷ್ ವ್ಯಾಕರಣ ಬಂದಿದ್ದರೆ, ‘ಮಾರನೆಯ ದಿನ ಬರುವಂತೆ ಮನೆಯವರು ತಿಳಿಸಿದರು’ ಎಂದು ಮನಸ್ಸಿನಲ್ಲೇ ಮಾರ್ಪಡಿಸಿಕೊಂಡು ಎರಡನೆಯ ರಾತ್ರಿ ಒಳಗೆ ನುಗ್ಗಿಬಿಡುತ್ತಿತ್ತು. ಊರುಗಳನ್ನು ಕಾಪಾಡಿದ್ದು ಕನ್ನಡದ ಆಡಿದ ಮಾತು.

ಹಾಸ್ಯವನ್ನು ಬಿಟ್ಟು ಪ್ರಕೃತ ವಿಷಯಕ್ಕೆ ಬರೋಣ. ದೊಡ್ಡಬಳ್ಳಾಪುರದ ಕಡೆಯ ಒಬ್ಬ ನೇಕಾರರ ಹುಡುಗನ ಅಭ್ಯಾಸದ ಪುಸ್ತಕವನ್ನು ನೋಡುವ ಅವಕಾಶ ನನಗೊಮ್ಮೆ ದೊರೆಯಿತು. ತಂದೆಯು ‘ಐ ವಿಲ್ ಕಮ್ ಟುಮಾರೋ’ ಎಂದನು. ಇದನ್ನು ಬದಲಾಯಿಸಿ ಎಂಬುದು ಪ್ರಶ್ನೆ. ಹುಡುಗ ‘ಫಾದರ್ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆದಿದ್ದ. ಅದರ ಮೇಲೆ ಕೆಂಪು ಮಸಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ಸರಿಯುತ್ತರ, ಮತ್ತೇನೂ ಇಲ್ಲ. ಇಂಗ್ಲಿಷಿನ ಮಟ್ಟಿಗೆ ಅಡ್ಡಗೆರೆ ನ್ಯಾಯವಾದದ್ದೇ. ಆದರೆ ಹುಡುಗ ಬರೆದದ್ದು ತೋಚಿದ ಹಾಗೆ ಗೀಚಿದ ಸಾಲಲ್ಲ. ‘ನಾಳೆ ಬತ್ತೀನಿ ಅಂತ ಅಪ್ಪ ಅಂದ್ರು’ ಎಂಬ ನಿರ್ದೋಷವಾದ ಕನ್ನಡ ವಾಕ್ಯವನ್ನು ಅವನು ನಿಷ್ಠೆಯಿಂದ ಇಂಗ್ಲಿಷಿನ ಬಾಗಿಲವರೆಗೆ ಹೊತ್ತುತಂದಿದ್ದ. ‘ದಟ್’ ಎಂಬುದು ‘ಅಂತ’ದ ತಮ್ಮನೆಂದು ನಂಬಿದ್ದ. ‘ಅಂತ’ ಹಿಂದಿನಿಂದ ಬಂದು ಮುದ್ರೆಯೊತ್ತುವ ಸೇವಕ. ‘ದಟ್’ ಮುಂದೆ ನಿಂತು, ಒಳಗೆ ಬರುವವರೆಲ್ಲ ಮನೆಯ ಉಡುಪು ತೊಡಬೇಕೆಂದು ಅಪ್ಪಣೆಮಾಡುವ ದ್ವಾರಪಾಲಕ. ಈ ಒಂದು ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

2007ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅದು ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಕಲಿಸುವುದಾದರೆ, ಮಗು ಮನೆಯಿಂದ ತಂದ ಕ್ರಮ ಯಾವುದು, ಪುಸ್ತಕ ಕೇಳುವ ಕ್ರಮ ಯಾವುದು ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು. ‘ನಿನ್ನ ಭಾಷೆಯಲ್ಲಿ ನೀನು ಆಡಿದವನ ಜಾಗಕ್ಕೆ ಹೋಗಿ ನಿಲ್ಲುತ್ತೀಯೆ, ಈ ಭಾಷೆಯಲ್ಲಿ ನಿನ್ನ ಜಾಗದಲ್ಲೇ ನಿಂತು ಹೇಳಬೇಕು’ ಎಂದರೆ ಹತ್ತು ವಿಧಿಗಳು ಒಂದೇ ವಿಧಿಯಾಗುತ್ತವೆ. ಇಲ್ಲದಿದ್ದರೆ ಮಗು ಪಟ್ಟಿಯನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆ ಮುಗಿದ ಸಂಜೆ ಮರೆಯುತ್ತದೆ, ತನ್ನ ತಲೆಯೇ ಮಂದವೆಂಬ ನಂಬಿಕೆಯೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ನಷ್ಟವಾದದ್ದು ಒಂದಂಕವಲ್ಲ.

ಈ ಅಧ್ಯಾಯದ ಪ್ರಭಾವ ಶಾಲೆಯ ಗೋಡೆಯೊಳಗೆ ನಿಂತಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಅದು ತಿರುಗಿ ನಮ್ಮ ಕನ್ನಡ ಗದ್ಯದೊಳಕ್ಕೆ ಹರಿದಿದೆ. ವೃತ್ತಪತ್ರಿಕೆಯ ಯಾವ ಪುಟವನ್ನು ತೆರೆದರೂ ‘ಬರುವುದಾಗಿ ತಿಳಿಸಿದರು’, ‘ಕೈಗೊಳ್ಳುವುದಾಗಿ ಭರವಸೆಯಿತ್ತರು’ ಎಂಬ ವಾಕ್ಯಗಳು ಸಾಲುಗಟ್ಟಿ ನಿಂತಿವೆ. ‘ಆಗಿ’ ಎಂಬ ಈ ಪ್ರಯೋಗ ತಪ್ಪಲ್ಲ. ಸಂಕ್ಷೇಪಕ್ಕೆ ಅನುಕೂಲವೂ ಹೌದು. ನನ್ನ ಆಕ್ಷೇಪಣೆ ಇರುವುದು ಅದರ ಮುಂದಿನ ಮೆಟ್ಟಿಲಾದ ‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’ ಎಂಬುವುಗಳ ಬಗ್ಗೆ. ಅಂದವರು ಯಾರು? ಉತ್ತರವಿಲ್ಲ. ಇಂಗ್ಲಿಷಿನ ಕರ್ಮಣಿ ಪ್ರಯೋಗದ ಅಂಗಿಯನ್ನು ತೊಟ್ಟು ಮಾತು ಒಂಟಿಯಾಗಿ ತಿರುಗುತ್ತದೆ, ಅದಕ್ಕೆ ತಂದೆತಾಯಿಗಳಿಲ್ಲ.

ನಮ್ಮ ಹಳ್ಳಿಯವನಿಗೆ ಇದಕ್ಕಿಂತ ಪ್ರಾಮಾಣಿಕವಾದ ಉಪಾಯ ಗೊತ್ತು. ತಾನು ಕಂಡದ್ದಕ್ಕೆ ‘ಬಂದ’ ಎನ್ನುತ್ತಾನೆ; ಕೇಳಿದ್ದಕ್ಕೆ ‘ಬಂದ್ನಂತೆ’ ಎನ್ನುತ್ತಾನೆ. ‘ಅಂತೆ’ ಎಂಬ ಎರಡಕ್ಷರದಲ್ಲಿ, ಇದನ್ನು ನಾನು ನೋಡಿಲ್ಲ, ಕೇಳಿ ಹೇಳುತ್ತಿದ್ದೇನೆ, ಇಷ್ಟರ ಮೇಲೆ ನಿನ್ನಿಷ್ಟ ಎಂಬ ಪೂರ್ತಿ ಹೇಳಿಕೆ ಅಡಗಿದೆ. ಬಾಯಿಮಾತಿನ ಸಾಕ್ಷ್ಯ ಕಂಡವನಿಂದಲೇ, ಕೇಳಿದವನಿಂದಲೇ ನೇರವಾಗಿ ಬರಬೇಕೆಂದು 1872ರ ಸಾಕ್ಷ್ಯ ಅಧಿನಿಯಮ ಒಂದು ಕಲಮನ್ನೇ ಬರೆಯಬೇಕಾಯಿತು. 2024ರ ಜುಲೈಯಲ್ಲಿ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ತತ್ವವನ್ನು ಉಳಿಸಿಕೊಂಡಿದೆ. ಕನ್ನಡದ ಅಜ್ಜಿಗೆ ಕಲಮಿನ ಅಗತ್ಯವಿಲ್ಲ. ಅವಳು ‘ಒಂದೂರಲ್ಲಿ ಒಬ್ಬ ರಾಜ ಇದ್ನಂತೆ’ ಎಂದು ಕತೆಗೂ ‘ಅಂತೆ’ಯ ಜಾಮೀನನ್ನು ಕೊಟ್ಟೇ ಆರಂಭಿಸುತ್ತಾಳೆ. ಅಂತೆಕಂತೆಗಳೆಂದು ನಾವು ನಗೆಯಾಡುವುದುಂಟು. ಆದರೆ ‘ಅಂತೆ’ ಎಂದವನು ತಾನು ಕೇಳಿದವನೆಂದು ಒಪ್ಪಿಕೊಂಡಿದ್ದಾನೆ. ‘ಎನ್ನಲಾಗಿದೆ’ ಎಂದವನು ಏನನ್ನೂ ಒಪ್ಪಿಕೊಂಡಿಲ್ಲ.

ಇದು ಬರಿಯ ಶೈಲಿಯ ಪ್ರಶ್ನೆಯಲ್ಲವೆಂಬುದಕ್ಕೆ ಇತ್ತೀಚಿನ ಒಂದು ಪ್ರಸಂಗವನ್ನು ನೆನೆಯಬಹುದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಯೋಜನೆಗೆ ವಿರುದ್ಧವಾಗಿ ರೈತರು 2022ರಿಂದ ಸಾವಿರ ದಿನಗಳಿಗೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಸರಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಂಥ ಧರಣಿಯಲ್ಲಿ ಒಬ್ಬ ಮುದುಕ ‘ನಮ್ ಜಮೀನು ಕೊಡಾಕಿಲ್ಲ’ ಎಂದನೆಂದು ಭಾವಿಸಿ. ಇದನ್ನು ‘ಜಮೀನು ಕೊಡುವುದಿಲ್ಲ ಎಂದರು’ ಎಂದು ಬರೆಯಬಹುದು; ‘ಜಮೀನು ನೀಡಲು ಅಸಮ್ಮತಿ ಸೂಚಿಸಿದರು’ ಎಂದೂ ಬರೆಯಬಹುದು; ‘ಕೆಲವು ರೈತರಲ್ಲಿ ಅಸಮಾಧಾನವಿದೆ ಎನ್ನಲಾಗಿದೆ’ ಎಂದೂ ಬರೆಯಬಹುದು. ಮೊದಲನೆಯದರಲ್ಲಿ ಮುದುಕನಿದ್ದಾನೆ, ಅವನ ‘ಇಲ್ಲ’ ಇದೆ. ಎರಡನೆಯದರಲ್ಲಿ ಬರೆದವನ ತೀರ್ಮಾನ ಮಾತ್ರ ಇದೆ. ಸೂಚಿಸಿದ ಅಸಮ್ಮತಿಯನ್ನು ನಾಳೆ ಸಮ್ಮತಿಯಾಗಿ ತಿರುಗಿಸಲು ಹೆಚ್ಚು ಶ್ರಮವಾಗದು. ಮೂರನೆಯದರಲ್ಲಿ ಮುದುಕನೂ ಇಲ್ಲ, ಜಮೀನೂ ಇಲ್ಲ. ಎಕರೆಗಟ್ಟಲೆ ಭೂಮಿ ಹೀಗೆ ವಾಕ್ಯದೊಳಗೇ ಕೈಬದಲಾಗಬಲ್ಲುದು.

ಇನ್ನು ನಮ್ಮ ಸಾಹಿತ್ಯದ ಕಡೆ ತಿರುಗಿದರೆ, ಬಲ್ಲ ಲೇಖಕರು ಕನ್ನಡದ ಮರ್ಯಾದೆಯನ್ನು ಬಿಟ್ಟುಕೊಟ್ಟಿಲ್ಲವೆಂಬುದು ಸಮಾಧಾನದ ಸಂಗತಿ. ವಚನವೆಂಬ ಪ್ರಕಾರದ ಹೆಸರೇ ‘ಆಡಿದ ಮಾತು’ ಎಂದು. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ‘ಶೂನ್ಯಸಂಪಾದನೆ’ಯ ಸಂಕಲನಕಾರರು ಸಂವಾದವಾಗಿ ಹೆಣೆದಾಗ, ಅವರು ಶರಣರ ‘ನಾನು’ವನ್ನು ‘ಅವನು’ ಮಾಡಲಿಲ್ಲ. ಮಾತು ಯಾರದೆಂಬುದಕ್ಕೆ ಅಂಕಿತವೇ ಸಾಕ್ಷಿಯಾಗಿ ನಿಂತಿತು. ಹೊಸಕೋಟೆಯ ನೆರೆಯ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರ ಕತೆಗಳನ್ನು ನೋಡಿ. ‘ರಂಗನ ಮದುವೆ’ಯಂಥ ಕತೆಯಲ್ಲಿ ಹೇಳುವವನು ನಮ್ಮೆದುರಿನ ಜಗಲಿಯ ಮೇಲೆ ಕುಳಿತಿದ್ದಾನೆ, ಯಾರು ಏನಂದರೆಂಬುದನ್ನು ಅವರವರ ದನಿಯಲ್ಲೇ ಒಪ್ಪಿಸುತ್ತಾನೆ. ಸಲೀಸಾಗಿ ಕಾಣುವ ಆ ಗದ್ಯದ ಗುಟ್ಟಿನಲ್ಲಿ ಒಂದು ಪಾಲು ‘ಎಂದ’, ‘ಎಂದಳು’ಗಳ ಹದವಾದ ಬಳಕೆಯಲ್ಲಿದೆ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಇನ್ನೊಂದು ದಾರಿ ಹಿಡಿಯಿತು. ಪ್ರಾಣೇಶಾಚಾರ್ಯರ ಒಳಗಿನ ತಳಮಳ ಅಲ್ಲಿ ಎಷ್ಟೋ ಕಡೆ ‘ಎಂದು’ ಎಂಬ ಬೇಲಿಯನ್ನು ದಾಟಿ ನೇರವಾಗಿ ಪುಟದ ಮೇಲೆ ಹರಿಯುತ್ತದೆ. ಐರೋಪ್ಯ ಕಾದಂಬರಿಯಲ್ಲಿ ಜೇನ್ ಆಸ್ಟೆನ್, ಫ್ಲೋಬೇರ್ ಮೊದಲಾದವರು ಬೆಳೆಸಿದ ತಂತ್ರದ ನೆನಪು ಇಲ್ಲಿ ಬಾರದೆ ಇರದು. ಅವರು ಪಾತ್ರದ ಮನಸ್ಸಿನ ಮಾತನ್ನು ಭೂತಕಾಲಕ್ಕೆ ಸರಿಸಿ, ಆದರೆ ಪಾತ್ರದ ‘ನಾಳೆ’ಯನ್ನು ನಾಳೆಯಾಗಿಯೇ ಉಳಿಸಿ, ಶಾಲೆಯ ವಿಧಿಯನ್ನು ಅರ್ಧ ಪಾಲಿಸಿ ಅರ್ಧ ಮುರಿದವರು. ಕನ್ನಡಕ್ಕೆ ಆ ಸರ್ಕಸ್ಸಿನ ಅಗತ್ಯ ಕಡಿಮೆ. ‘ತಾನು’ ಎಂಬ ನಮ್ಮ ಮುದಿ ಸರ್ವನಾಮ ಹೊರಗಿನವನ ಕಣ್ಣನ್ನೂ ಒಳಗಿನವನ ದನಿಯನ್ನೂ ಒಟ್ಟಿಗೆ ಹಿಡಿದಿಡಬಲ್ಲುದು. ಇಂಥ ಗದ್ಯವನ್ನು ಇಂಗ್ಲಿಷಿಗೆ ತರುವವನು ಪ್ರತಿಯೊಂದು ‘ತಾನು’ವಿನ ಮುಂದೆಯೂ ‘ಹೀ’ ಎನ್ನಲೋ ‘ಐ’ ಎನ್ನಲೋ ಎಂದು ನಿಂತು ಯೋಚಿಸಬೇಕಾಗುತ್ತದೆ. ಮಾರನೆಯ ದಿನದ ಪಟ್ಟಿಯನ್ನು ಬಾಯಿಪಾಠ ಮಾಡಿದ ಜಾಣನಿಗೆ ಅಲ್ಲಿ ದಾರಿ ಕಾಣದು. ಎರಡು ಭಾಷೆಗಳ ನಿಲುವನ್ನು ಬಲ್ಲವನಿಗೆ ಕಾಣುತ್ತದೆ.

ಇಷ್ಟನ್ನು ಹೇಳಿದ್ದರಿಂದ ಇಂಗ್ಲಿಷ್ ವ್ಯಾಕರಣದ ಆ ಅಧ್ಯಾಯವನ್ನು ಹರಿದೆಸೆಯಬೇಕೆಂದು ನಾನು ಸೂಚಿಸುತ್ತಿಲ್ಲ. ಇಂಗ್ಲಿಷ್ ಕಲಿಯುವವನು ಇಂಗ್ಲಿಷಿನ ನೇಮವನ್ನು ಪಾಲಿಸಲೇಬೇಕು. ನೆಲಮಂಗಲದ ಹುಡುಗನಿಗೂ ನಾರ್ವೆಯ ಹುಡುಗನಿಗೂ ಅದರಲ್ಲಿ ರಿಯಾಯಿತಿಯಿಲ್ಲ. ಆ ಅಧ್ಯಾಯದ ದೋಷ ಬೇರೆ: ಒಂದು ಭಾಷೆಯ ಪದ್ಧತಿಯನ್ನು ಅದು ಬುದ್ಧಿಯ ಪದ್ಧತಿಯೆಂಬಂತೆ ಬರೆದಿದೆ. ನಾವು ಕನ್ನಡಿಗರು ಅದನ್ನು ಹಾಗೆಯೇ ನಂಬಿ, ನಮ್ಮ ಮಕ್ಕಳ ವಾಕ್ಯಗಳ ಮೇಲೆ ಗೆರೆಯೆಳೆದುದಲ್ಲದೆ ನಮ್ಮ ಗದ್ಯದಿಂದಲೂ ಆಡಿದವರನ್ನು ಹೊರಕ್ಕೆ ಕಳುಹಿಸಿದೆವು. ಮಾತನ್ನು ಒಪ್ಪಿಸುವುದೆಂದರೆ ಒಂದು ಹೊಣೆ. ಇಂಗ್ಲಿಷ್ ಆ ಹೊಣೆಯನ್ನು ಕಾಲದ ಲೆಕ್ಕದಿಂದ ಹೊರುತ್ತದೆ. ಕನ್ನಡ ಅದನ್ನು ‘ಎಂದು’, ‘ಅಂತೆ’, ‘ತಾನು’ ಎಂಬ ಮೂರು ಪುಟ್ಟ ಪದಗಳಿಂದ ಹೊರುತ್ತದೆ. ಎರಡನ್ನೂ ಕಲಿತವನು ಭಾಗ್ಯವಂತ. ‘ಎನ್ನಲಾಗಿದೆ’ ಎಂಬ ನಾಲ್ಕನೆಯದು ಯಾರ ಹೊಣೆಯನ್ನೂ ಹೊರುವುದಿಲ್ಲ. ಅದನ್ನು ಮಾತ್ರ ನಾಳೆ ಬಾ ಎಂದು ಬಾಗಿಲಿನಿಂದಲೇ ಕಳುಹಿಸುವುದು ಕ್ಷೇಮ.